ಮನೆಯವರ ಮತ

ತಪ್ಪು ನನ್ನದೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಚಾನೆಲ್ಲಿನವರನ್ನು, ಹುಬ್ಬಳ್ಳಿಯ ಹುಡುಗನ ಅಪ್ಪನನ್ನು, ಹೆದ್ದಾರಿ ಅಗೆದು ಹಾಕಿದವರನ್ನು ಮನಸ್ಸಿಗೆ ಬಂದಷ್ಟು ಬೈದುಕೊಳ್ಳಬಹುದು.

ನನ್ನ ಹೆಸರು ಚಂದಯ್ಯ. ತಲ್ಲೂರು ಪೇಟೆಯಲ್ಲಿ ಇಪ್ಪತ್ತು ವರ್ಷ ಕ್ಯಾಸೆಟ್ ಅಂಗಡಿ ನಡೆಸಿದವನು. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ ಅದೇ ಗಾಜಿನ ಕಪಾಟಿನಲ್ಲಿ ಚಾರ್ಜರು, ಸಿಮ್ಮು ಇಟ್ಟುಕೊಂಡು, ಜನರ ಮೊಬೈಲಿಗೆ ಕರೆನ್ಸಿ ಹಾಕುತ್ತ ಕೂತಿದ್ದೇನೆ. ಮದುವೆಯಾಗಲಿಲ್ಲ. ಕೊಕ್ಕರ್ಣೆಯಲ್ಲಿ ತಂಗಿ ಪ್ರಫುಲ್ಲಾ ಇದ್ದಾಳೆ. ಅವಳ ಗಂಡ ಮುಂಬೈಯ ಹೋಟೆಲಿನಲ್ಲಿ. ವರ್ಷಕ್ಕೊಮ್ಮೆ ಬಂದು ಹೋಗುವವರು. ಹಾಗಾಗಿ ಅವಳ ಮಗಳು ಅನಿಷಾಗೆ ಅಪ್ಪನೂ ನಾನೇ, ಮಾವನೂ ನಾನೇ, ಹಾಡಿನ ಮೊದಲ ಪಾಠ ಹೇಳಿಕೊಟ್ಟ ಗುರುವೂ ನಾನೇ. ನಮ್ಮ ಜಾತಿಯಲ್ಲಿ ಹೇಗೂ ಸೋದರಮಾವನ ಮಾತೇ ಮೇಲು.

ಎರಡು ಸಾವಿರದ ಹನ್ನೆರಡರಲ್ಲಿ ಆ ಹುಡುಗಿ ಟಿ.ವಿ.ಯ ‘ನಾದಗಣಿ’ ಸ್ಪರ್ಧೆಗೆ ಆಯ್ಕೆಯಾದಳು. ಆಗ ಅವಳಿಗೆ ಹತ್ತೊಂಬತ್ತು. ಬೆಂಗಳೂರಿನ ಬಸ್ಸು ಹತ್ತುವ ಮುಂಚೆ ಅಂಗಡಿಗೆ ಬಂದು ಕಾಲು ಮುಟ್ಟಿ, “ಮಾವ, ಒಂದ್ ಸಲ ಹೇಳಿನಿ. ನಾನ್ ಲಾಯ್ಕ್ ಹಾಡ್ತೆ ಅಂದೇಳಿ” ಎಂದಳು. ನಾನು ಎಂತ ಹೇಳಿದೆ? “ಅಡ್ಡಿಲ್ಲೆ, ಹೋಯ್ ಬಾ” ಎಂದೆ. ನಮ್ಮ ಕಡೆಯಲ್ಲಿ ಅದೇ ದೊಡ್ಡ ಹೊಗಳಿಕೆ. ಅದಕ್ಕಿಂತ ಮೇಲೆ ಹೋದರೆ ಮಕ್ಕಳಿಗೆ ದೃಷ್ಟಿಯಾಗುತ್ತದೆ, ಹೇಳಿದವನಿಗೆ ನಾಚಿಕೆಯಾಗುತ್ತದೆ.

ಹದಿನಾಲ್ಕು ವಾರ ಕಳೆದು ಐದು ಮಂದಿ ಉಳಿದರು. ರಾಯಚೂರಿನ ಹುಡುಗ, ಹುಬ್ಬಳ್ಳಿಯ ಹುಡುಗ, ಮೈಸೂರಿನ ಹುಡುಗಿ, ತುಮಕೂರಿನ ಹುಡುಗಿ, ನಮ್ಮ ಅನಿಷಾ. ಆಗ ಚಾನೆಲ್ಲಿನವರು ಒಂದು ಹೊಸ ಸುತ್ತು ತೆಗೆದರು. ಹೆಸರು ‘ಮನೆಯವರ ಮತ’. ಪ್ರತಿಯೊಬ್ಬರೂ ಈ ಸಲ ಹಾಡಿದ್ದರಲ್ಲಿ ಒಂದೊಂದು ಹಾಡನ್ನು ಚಾನೆಲ್ಲಿನವರೇ ಆರಿಸಿ, ಆ ಐದನ್ನೂ ಕಾಗದದಲ್ಲಿ ಅಚ್ಚು ಹಾಕಿ, ಐದು ಮನೆಯ ಹಿರಿಯರಿಗೆ ಕೊರಿಯರ್ ಮಾಡಿದರು. ನಿಮಗೆ ಯಾವುದು ಮೊದಲು, ಯಾವುದು ಕೊನೆ, ನಿಮ್ಮ ಕೈಯಲ್ಲೇ ಬರೆದು ಕಳಿಸಿ. ಮೊದಲಿಗೆ ಐದು ಅಂಕ, ಕೊನೆಗೆ ಒಂದು. ಜನರ ಎಸ್ಸೆಮ್ಮೆಸ್ಸಿನ ಅಂಕದ ಜೊತೆ ಇದೂ ಸೇರುತ್ತದೆ. ಎಲ್ಲಕ್ಕಿಂತ ಕಡಿಮೆ ಬಂದವರು ಮನೆಗೆ.

ಆ ಕಾಗದವನ್ನು ಮೂರು ದಿನ ಇಟ್ಟುಕೊಂಡೆ. ಹಾಡು ತೂಗುವ ಕೆಲಸ ನನಗೆ ಹೊಸದಲ್ಲ. ರಾಯಚೂರಿನ ಹುಡುಗನ ತತ್ವಪದಕ್ಕೆ ಎರಡನೆಯ ಮಾತಿಲ್ಲ; ಎದೆಯಿಂದ ಬಂದ ದನಿ, ಸುಳ್ಳೇ ಇಲ್ಲ. ಹುಬ್ಬಳ್ಳಿಯವನದು ತಯಾರಾದ ಗಂಟಲು, ಆದರೆ ತಾನು ತಯಾರಾಗಿದ್ದೇನೆ ಎಂದು ತೋರಿಸುವ ಚಪಲ. ಮೈಸೂರಿನ ಹುಡುಗಿ ಕೈ ಆಡಿಸಿದಷ್ಟು ಸ್ವರ ಆಡಿಸಲಿಲ್ಲ. ತುಮಕೂರಿನವಳು ಪಾಪ, ಮೇಲಿನ ಷಡ್ಜ ಬಂದಾಗಲೆಲ್ಲ ಹೆದರುತ್ತಿದ್ದಳು.

ಅನಿಷಾ ಹಾಡಿದ್ದು ತೊಟ್ಟಿಲ ಹಾಡು. ಆರನೆಯ ವಾರ. ನಮ್ಮ ಅಮ್ಮ ಹಾಡುತ್ತಿದ್ದ ಧಾಟಿ ಅದು. ಕೊನೆಯ ನುಡಿ ಬರುವಾಗ ಕೀಬೋರ್ಡಿನವನಿಗೆ ಏನೋ ಆಗಿ ವಾದ್ಯವೆಲ್ಲ ನಿಂತುಹೋಯಿತು. ಅವಳು ನಿಲ್ಲಲಿಲ್ಲ. ಬರೀ ದನಿಯಲ್ಲಿ, ಮಗು ಎಚ್ಚರವಾದೀತು ಎನ್ನುವಷ್ಟು ಮೆತ್ತಗೆ ಹಾಡಿ ಮುಗಿಸಿದಳು. ನಾನು ಅಂಗಡಿಯ ಟಿ.ವಿ. ಎದುರು ಅಳುತ್ತ ಕೂತಿದ್ದೆ. ಗೆಳೆಯ ಕಿಟ್ಟ ಬಂದಾಗ, ರಸ್ತೆ ಕೆಲಸದ ಧೂಳು ಕಣ್ಣಿಗೆ ಬಿತ್ತು ಎಂದೆ. ಐವತ್ತೆರಡು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಹಾಡನ್ನು ನಾನು ಕೇಳಿಲ್ಲ. ಮೊದಲ ಸ್ಥಾನ ಅದಕ್ಕೇ, ಕಣ್ಣು ಮುಚ್ಚಿ ಹೇಳುತ್ತೇನೆ.

ಬರೆಯುವಾಗ ಮಾತ್ರ ರಾಯಚೂರು ಒಂದು, ಹುಬ್ಬಳ್ಳಿ ಎರಡು, ಮೈಸೂರು ಮೂರು, ತುಮಕೂರು ನಾಲ್ಕು ಎಂದು ಬರೆದು, ನಮ್ಮ ಹುಡುಗಿಯ ಎದುರು ಐದು ಎಂದು ಬರೆದೆ.

ನಗಬೇಡಿ. ನಮ್ಮಲ್ಲಿ ಹದಿನಾಲ್ಕು ಬಗೆ ಮಾಡಿ ಬಡಿಸಿದರೂ ಮನೆಯ ಯಜಮಾನ “ಎಂತದೂ ಮಾಡ್ಲಿಲ್ಲೆ, ಒಂದ್ ಗಂಜಿ ಊಟ” ಎಂದೇ ಹೇಳಬೇಕು. ಹೊಗಳುವುದು ಉಂಡವರ ಕೆಲಸ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಾದೆ ಮಾಡಿ ನಗುವ ಜನ ನಾವು. ಐದು ಮನೆಯ ಹಿರಿಯರೂ ತಮ್ಮ ತಮ್ಮ ಮಕ್ಕಳನ್ನು ಕೊನೆಗೇ ಹಾಕುತ್ತಾರೆ, ಆಗ ಆ ಒಂದೊಂದು ಅಂಕ ಎಲ್ಲರಿಗೂ ಸಮವಾಗಿ, ಉಳಿದ ನಾಲ್ಕು ಮನೆಯವರು ಕೊಟ್ಟದ್ದೇ ನಿಜವಾದ ತೂಕವಾಗುತ್ತದೆ ಎಂದುಕೊಂಡೆ. ಎಷ್ಟು ನ್ಯಾಯವಾದ ಏರ್ಪಾಡು, ಚಾನೆಲ್ಲಿನಲ್ಲೂ ಬುದ್ಧಿವಂತರಿದ್ದಾರೆ ಎಂದು ಮೆಚ್ಚಿಕೊಂಡು ಲಕೋಟೆಗೆ ಅಂಟು ಹಚ್ಚಿದೆ.

ಆ ಸುತ್ತಿನ ಚಿತ್ರೀಕರಣ ಕುಂದಾಪುರದ ಮೈದಾನದಲ್ಲೇ ಆಗುವುದೆಂದು ನಿಶ್ಚಯವಾಯಿತು. ಶನಿವಾರ ಸಂಜೆ ಆರು ಗಂಟೆಗೆ. ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಚಾನೆಲ್ಲಿನ ಹುಡುಗಿಯೊಬ್ಬಳು ಪಾಸು ಕೊಡಲು ಅಂಗಡಿಗೆ ಬಂದಳು. ಪಾಸು ಕೊಟ್ಟು, ನನ್ನ ಮುಖವನ್ನೇ ನೋಡಿ ನಕ್ಕಳು.

“ಅಂಕಲ್, ನೀವು ಸೂಪರ್. ಐದು ಜನರಲ್ಲಿ ನಾಲ್ಕು ಜನ ತಮ್ಮ ಮಕ್ಕಳಿಗೇ ಫಸ್ಟ್ ಕೊಟ್ಟಿದ್ದಾರೆ. ನೀವೊಬ್ಬರೇ ಲಾಸ್ಟ್ ಕೊಟ್ಟಿರೋದು. ನಮ್ಮ ಡೈರೆಕ್ಟರ್ ಅಂತೂ ಫುಲ್ ಖುಷಿ.”

ನನಗೆ ಕೂತ ಸ್ಟೂಲೇ ಜಾರಿದ ಹಾಗಾಯಿತು. “ನಾಲ್ಕ್ ಜನವೂ?” ಎಂದೆ. ನಾಲ್ಕೂ ಜನ. ಅದನ್ನು ಬದಲಾಯಿಸಬಹುದೇ ಎಂದು ಕೇಳಿದೆ. ಅವಳಿಗೆ ಗೊತ್ತಿಲ್ಲ, ಡೈರೆಕ್ಟರನ್ನೇ ಕೇಳಬೇಕು. ಡೈರೆಕ್ಟರು ಎಲ್ಲಿ? ಅನಿಷಾಳ ಮನೆಯ ಚಿತ್ರ ತೆಗೆಯಲು ಕೊಕ್ಕರ್ಣೆಗೆ ಹೋಗಿದ್ದಾರೆ. ಫೋನು? ಶೂಟಿಂಗ್ ಹೊತ್ತಿನಲ್ಲಿ ಆಫ್. ಅನಿಷಾಳ ಹತ್ತಿರ ಮಾತಾಡಬಹುದೇ? ಇವತ್ತು ವೇದಿಕೆಗೆ ಬರುವವರೆಗೆ ಮನೆಯವರ ಜೊತೆ ಮಾತಿಲ್ಲ, ರೂಲ್ಸು. “ಪಟ್ಟಿಗಳನ್ನ ಸ್ಟೇಜ್ ಮೇಲೆ, ಅವರ ಎದುರಿಗೇ ಓದ್ತೀವಿ ಅಂಕಲ್” ಎಂದಳು ಆ ಹುಡುಗಿ.

ಅಂಗಡಿಯ ಬಾಗಿಲು ಎಳೆದು ಕಿಟ್ಟನ ಓಮ್ನಿ ಹತ್ತಿದೆ. “ಹ್ವಾಯ್ ಕಿಟ್ಟ, ಕೊಕ್ಕರ್ಣೆಗೆ ಬಿಡ್. ಎಲ್ಲೂ ನಿಲ್ಸ್‌ಬೇಡ” ಎಂದೆ. ನಿಲ್ಲಿಸದೆ ಹೋಗುವುದು ಹೇಗೆ? ಆ ವರ್ಷ ಹೆದ್ದಾರಿಯನ್ನು ಅಗಲ ಮಾಡುತ್ತೇವೆಂದು ಉದ್ದಕ್ಕೂ ಅಗೆದು ಹಾಕಿದ್ದರು. ಕೋಟದಲ್ಲಿ ಅರ್ಧ ಗಂಟೆ, ಬ್ರಹ್ಮಾವರದಲ್ಲಿ ಇಪ್ಪತ್ತು ನಿಮಿಷ. ಕಿಟ್ಟ ಕೇಳಿದ, “ಚಂದಣ್ಣ, ನಿಮ್ಗ್ ಮಂಡೆ ಸಮ ಇತ್ತಾ? ಸ್ವಂತ ಹೆಣ್ಣಿಗ್ ಯಾರಾರೂ ಐದ್ನೇ ಸ್ಥಾನ ಕೊಡ್ತ್ರಾ?” ನಾನು ಕೇಳಿದೆ, “ನೀನಾರೆ ಎಷ್ಟ್ ಕೊಡ್ತಿದ್ದೆ?” ಅವನು ಗೇರು ಬದಲಿಸುತ್ತ, “ನಾನೂ ಐದೇ ಕೊಡ್ತಿದ್ದೆ ಕಾಣಿ” ಎಂದ.

ಕೊಕ್ಕರ್ಣೆ ಮುಟ್ಟುವಾಗ ಗಂಟೆ ಹನ್ನೆರಡು. ಚಾನೆಲ್ಲಿನ ಗಾಡಿ ಆಗಲೇ ಹೋಗಿಯಾಗಿತ್ತು. ಅಂಗಳದಲ್ಲಿ ಖಾಲಿ ಕುರ್ಚಿಗಳನ್ನು ಎತ್ತಿಡುತ್ತಿದ್ದ ಪ್ರಫುಲ್ಲಾಳಿಗೆ ನಿಂತಲ್ಲೇ ಸಂಗತಿ ಹೇಳಿದೆ.

ಅವಳಿಗೆ ಆಶ್ಚರ್ಯವೇ ಆಗಲಿಲ್ಲ. “ಐದ್ ಅಲ್ದೆ ಮತ್ತೆಂತ ಬರಿಯೂಕಿತ್ತ್ ಅಣ್ಣಯ್ಯ? ನಮ್ ಹೆಣ್ಣಿಗ್ ನಾವೇ ಒಂದ್ ಅಂದೇಳಿ ಬರಿಯೂಕಾತ್ತಾ?”

“ಉಳ್ದ ನಾಲ್ಕ್ ಜನ ಹಾಂಗೇ ಬರ್ದಿರ್ ಮಾರಾಯ್ತಿ.”

“ಅವ್ರಿಗ್ ನಾಚ್ಕಿ ಇಲ್ಲ್ಯಾ?” ಎಂದವಳು, ಮುಂದಿನ ಕುರ್ಚಿಗೆ ಕೈ ಹಾಕಿ ಹಾಗೇ ನಿಂತಳು. ಲೆಕ್ಕ ಅವಳ ತಲೆಗೆ ಈಗ ಇಳಿಯಿತು. ಕುರ್ಚಿಯಲ್ಲಿ ಕೂತುಬಿಟ್ಟಳು.

“ಅಣ್ಣಯ್ಯ, ಹೊರ್ಗ್ ಬಿದ್ರೆ ಬೀಳ್ಲಿ. ಅನಿಷಾ ನೀವ್ ಬರದ್ದನ್ನ್ ಕಾಂಬುಕಾಗ. ಹೋದ್ ವಾರ ಫೋನ್ ಮಾಡ್ದಾಗ ಎಂತ ಹೇಳಿತ್ ಗೊತ್ತಿತ್ತಾ? ‘ಅಬ್ಬಿ, ಜಡ್ಜ್‌ಗಳ್ ಸಂಬ್ಳಕ್ಕೆ ಹೊಗಳೂದ್. ಮಾವ ಸುಳ್ಳ್ ಹೇಳೂರಲ್ಲ. ಅವ್ರ್ ಪಟ್ಟಿ ಓದ್ದಾಗ ನಂಗ್ ಗೊತ್ತಾತ್ತ್, ನಾನ್ ಹಾಡೂದಾ ಬಿಡೂದಾ ಅಂದೇಳಿ.’ ಹೀಂಗ್ ಹೇಳಿತ್ ಅಣ್ಣಯ್ಯ.”

ಅಲ್ಲಿಯವರೆಗೆ ನನಗೆ ಸೋಲಿನ ಹೆದರಿಕೆ ಇತ್ತು. ಈಗ ಬೇರೆಯೇ ಹೆದರಿಕೆ ಹಿಡಿಯಿತು. ಹತ್ತೊಂಬತ್ತು ವರ್ಷದಲ್ಲಿ ಒಂದು ಒಳ್ಳೆಯ ಮಾತು ಆಡದ ನಾನು ಮೊದಲ ಸಲ ಬಾಯಿ ಬಿಡುವುದು ‘ಐದು’ ಎಂದು, ಅದೂ ಸಾವಿರಾರು ಜನರ ಎದುರು. ತಂಗಿ ನೀರು ತಂದುಕೊಡುವವರೆಗೂ ನಿಲ್ಲದೆ ವಾಪಸ್ಸು ಓಮ್ನಿಗೆ ಓಡಿದೆ.

ಸಾಸ್ತಾನದಲ್ಲಿ ಚಾನೆಲ್ಲಿನ ಗಾಡಿ ಸಿಕ್ಕಿತು, ಒಂದು ಮೀನೂಟದ ಹೋಟೆಲಿನ ಎದುರು. ಡೈರೆಕ್ಟರು ಒಳಗೆ ಬಂಗುಡೆ ಹುರಿದದ್ದರ ಮುಳ್ಳು ಬಿಡಿಸುತ್ತಿದ್ದರು. ಮೂವತ್ತು ಮೂವತ್ತೈದರ ಪ್ರಾಯ, ಕುತ್ತಿಗೆಯಲ್ಲಿ ಗುರುತಿನ ಚೀಟಿ. ನಾನು ಕೈ ಮುಗಿದೆ. ನನಗಿಂತ ಅಷ್ಟು ಸಣ್ಣವರಿಗೆ ಕೈ ಮುಗಿದದ್ದು ಅದೇ ಮೊದಲು.

“ಸಾರ್, ನನ್ನ ಪಟ್ಟಿ ತಪ್ಪಾಗಿದೆ. ಇನ್ನೊಂದು ಬರೆದುಕೊಡುತ್ತೇನೆ. ನಮ್ಮ ಹುಡುಗಿಯ ಹಾಡೇ ಮೊದಲನೆಯದು. ಕೊನೆಗೆ ಹಾಕಿದ್ದು ಮರ್ಯಾದೆಗೆ.”

ಅವರು ತಿನ್ನುವುದು ನಿಲ್ಲಿಸಿ ಕೇಳಿದರು. ಕೆಟ್ಟ ಮನುಷ್ಯರಲ್ಲ. “ಸಾರ್, ಆ ಕವರ್‌ಗಳು ನಾವು ನೋಡಿದ ಮೇಲೆ ಲಾಯರ್ ಹತ್ರ ಸೀಲ್ ಆಗಿವೆ. ಈಗ ತೆಗೆದು ತಿದ್ದಿದ್ರೆ ಮೋಸ ಅಂತಾರೆ. ನಿಜ ಹೇಳ್ಲಾ? ನಿಮ್ಮ ಪಟ್ಟಿಯಿಂದಲೇ ಈ ಎಪಿಸೋಡ್ ಎದ್ದು ನಿಲ್ಲೋದು” ಎಂದರು. ನಾನು ಆ ಒದ್ದೆ ನೆಲದಲ್ಲಿ ಕಾಲು ಹಿಡಿಯಲು ಬಗ್ಗಿದೆ. ಅವರು ಗಾಬರಿಯಾಗಿ ಎಡಗೈಯಲ್ಲಿ ನನ್ನ ಭುಜ ಹಿಡಿದರು.

“ಅಯ್ಯೋ, ಏಳಿ ಸಾರ್. ಒಂದು ದಾರಿ ಇದೆ. ಪಟ್ಟಿ ಓದಿದ ಮೇಲೆ ಎಲ್ಲ ಹಿರಿಯರ ಕೈಗೂ ಮೈಕ್ ಕೊಡ್ತೀವಿ. ಆಗ ಯಾರಾದ್ರೂ ಸ್ಥಾನ ಬದಲಾಯಿಸ್ಬೇಕು ಅಂದ್ರೆ ಬಾಯಲ್ಲಿ ಹೇಳಿ ಬದಲಾಯಿಸ್ಬಹುದು. ನಿಯಮದಲ್ಲೇ ಇದೆ. ‘ನಮ್ಮ ಹುಡುಗಿ ಹಾಡಿದ್ದೇ ಮೊದಲನೆಯದು’ ಅಂತ ಒಂದು ವಾಕ್ಯ ಹೇಳಿ. ಐದು ಅಂಕ ಅವಳಿಗೆ ಹೋಗುತ್ತೆ. ಅಷ್ಟೇ.”

ಅಷ್ಟೇ! ಒಂದು ವಾಕ್ಯ. ಹೋದ ಜೀವ ಬಂದ ಹಾಗಾಯಿತು. ಸಾಸ್ತಾನದಿಂದ ಕುಂದಾಪುರದವರೆಗೆ ಓಮ್ನಿಯಲ್ಲಿ ಆ ವಾಕ್ಯವನ್ನು ಬಾಯಿಪಾಠ ಮಾಡಿದೆ. ಮೊದಲ ಸಲ ಹೇಳುವಾಗ ಕಿಟ್ಟನ ಎದುರೇ ಮುಖ ಬಿಸಿಯಾಯಿತು. ಎರಡನೆಯ ಸಲ ‘ನಮ್ಮ ಹುಡುಗಿ’ ಎಂದಲ್ಲಿಗೆ ಕೆಮ್ಮು ಬಂತು. ಆರನೆಯ ಸಲಕ್ಕೆ ಸಲೀಸಾಗಿ ಬಂತು. ಕಿಟ್ಟ ಸ್ಟೇರಿಂಗ್ ಬಿಟ್ಟು ಚಪ್ಪಾಳೆ ತಟ್ಟಿದ. “ಹಾಂ, ಹಾಂಗೆ. ಬಾಯ್ ಬಿಟ್ಟ್ ಹೇಳಿ. ನಾಚ್ಕಿ ಮನಿಯಂಗ್ ಇಟ್ಟ್ ಬನ್ನಿ.”

ಸಂಜೆ ಮೈದಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೈಂದೂರಿನಿಂದ, ಬ್ರಹ್ಮಾವರದಿಂದ ಬಸ್ಸು ಮಾಡಿಕೊಂಡು ಬಂದಿದ್ದರು. ಮುಂದಿನ ಸಾಲಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರು, ದೇವಸ್ಥಾನದ ಮೊಕ್ತೇಸರರು, ನೆಂಟರು ಇಷ್ಟರು. ವೇದಿಕೆಯ ಮೇಲೆ ಒಂದು ಬದಿಗೆ ಐದು ಮಕ್ಕಳು, ಇನ್ನೊಂದು ಬದಿಗೆ ಐದು ಕುರ್ಚಿಯಲ್ಲಿ ನಾವು ಹಿರಿಯರು. ಅನಿಷಾ ನನ್ನನ್ನು ಕಂಡು ನಕ್ಕಳು. ಬಡವಾಗಿದ್ದಳು. ನನ್ನ ಪಕ್ಕದ ಕುರ್ಚಿಯಲ್ಲಿ ತುಮಕೂರಿನ ಹುಡುಗಿಯ ಅಜ್ಜಿ. ಎಪ್ಪತ್ತರ ಮೇಲಿನ ಮುದುಕಿ, ಅಷ್ಟೊಂದು ದೀಪ ನೋಡಿ ಹೆದರಿ ನನ್ನ ಕೈ ಹಿಡಿದುಕೊಂಡಿತ್ತು. “ನಿಮ್ ಮಗು ತುಂಬಾ ಚೆನ್ನಾಗ್ ಹಾಡ್ತದೆ ಕಣಣ್ಣ. ನಾನು ಎರಡನೇದಾಗಿ ಅದನ್ನೇ ಬರೆದಿದ್ದೀನಿ” ಎಂದು ಕಿವಿಯಲ್ಲಿ ಹೇಳಿತು. “ಛೆ, ನಿಮ್ ಮೊಮ್ಮಗಳ ಎದುರು ನಮ್ದ್ ಎಂತದ್” ಎಂದೆ. ಬಾಯಿ ತಾನಾಗಿಯೇ ಆಡಿಬಿಟ್ಟಿತು. ಆಗಲೇ ನನಗೆ ಭಯವಾಯಿತು.

ಪಟ್ಟಿಗಳನ್ನು ಓದಿದರು. ನನ್ನದು ಕೊನೆಗೆ. ಊರಿನವರು ಕೊನೆಗೆ ಇರಲಿ ಎಂದು ನಾನೇ ಹೇಳಿದ್ದೆ. ಅದೂ ಒಂದು ಮರ್ಯಾದೆ! ನಿರೂಪಕಿ “ಐದನೆಯ ಸ್ಥಾನ, ಅನಿಷಾ, ತೊಟ್ಟಿಲ ಹಾಡು” ಎಂದಾಗ ಮೈದಾನ ಗುಜುಗುಜು ಎಂದಿತು. ಅನಿಷಾಳ ಮುಖ ಅಳುವ ಹಾಗೆ ಆಗಲಿಲ್ಲ. ಪರೀಕ್ಷೆಯ ಫಲಿತಾಂಶ ಓದುವವರ ಹಾಗೆ ಒಮ್ಮೆ ತಲೆ ಆಡಿಸಿದಳು.

ಮೈಕು ಹುಬ್ಬಳ್ಳಿಯ ಅಪ್ಪನ ಕೈಯಿಂದ ಶುರುವಾಯಿತು. “ನನ್ ಮಗ ಬಂಗಾರ ಅದಾನ್ರಿ, ಅವನ ಮುಂದ ಯಾರೂ ಇಲ್ರಿ” ಎಂದು ಎದೆ ತಟ್ಟಿಕೊಂಡರು ಪುಣ್ಯಾತ್ಮರು. ಆ ಮನುಷ್ಯನ ಮೇಲೆ ನನಗೆ ಎಷ್ಟು ಸಿಟ್ಟು ಬಂತೋ ಅಷ್ಟೇ ಹೊಟ್ಟೆಕಿಚ್ಚೂ ಬಂತು. ಮೈಕು ದಾಟಿ ದಾಟಿ ನನ್ನ ಕೈಗೆ ಬಂತು. ನಿರೂಪಕಿ ಕೇಳಿದಳು, “ಅಂಕಲ್, ನೀವು ಬೇಕಾದ್ರೆ ಸ್ಥಾನ ಬದಲಾಯಿಸ್ಬಹುದು. ಅನಿಷಾ ಬಗ್ಗೆ ಏನ್ ಹೇಳ್ತೀರಿ?”

ಎದ್ದು ನಿಂತೆ. ವಾಕ್ಯ ತಯಾರಿತ್ತು. ಎದುರಿಗೆ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ವೇದಿಕೆಯ ಕೆಳಗೆ ಕಿಟ್ಟ ಎರಡೂ ಕೈ ಎತ್ತಿ ‘ಹೇಳಿ, ಹೇಳಿ’ ಎಂದು ಸನ್ನೆ ಮಾಡುತ್ತಿದ್ದ. ಅವನ ಪಕ್ಕ ಪ್ರಫುಲ್ಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮುದುಕಿ ನನ್ನ ಎಡಗೈಯನ್ನು ಇನ್ನೂ ಬಿಟ್ಟಿರಲಿಲ್ಲ. ನನ್ನದು ಮೊದಲು ಎಂದರೆ, ನಿನ್ನದು ಕೆಳಗೆ ಎಂದು ಅದರ ಮುಖಕ್ಕೇ ಹೇಳಿದ ಹಾಗೆ. ನಾನು ಬಾಯಿ ತೆರೆದೆ.

“ಎಂತದೂ ಇಲ್ಲೆ” ಎಂದಿತು ನನ್ನ ಬಾಯಿ. “ಅದ್ ಇನ್ನೂ ಸಣ್ಣ್. ಕಲಿಯೂಕ್ ಸುಮಾರ್ ಇತ್ತ್. ಈ ಅಮ್ಮನ ಮೊಮ್ಮಗಳ್ ಲಾಯ್ಕ್ ಹಾಡಿತ್.”

ಚಪ್ಪಾಳೆ ಬಿತ್ತು ನೋಡಿ! ಇಡೀ ಸಂಜೆಯಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಯಾವ ಹಾಡಿಗೂ ಬಿದ್ದಿರಲಿಲ್ಲ. ಮೇಷ್ಟ್ರು ಎದ್ದು ನಿಂತು ತಟ್ಟಿದರು. ಮೊಕ್ತೇಸರರು ಪಕ್ಕದವರಿಗೆ “ಮನ್ಷ ಅಂದ್ರೆ ಹೀಂಗಿರ್ಕ್” ಎಂದದ್ದು ಕೆಳಗಿದ್ದ ಕಿಟ್ಟನಿಗೆ ಕೇಳಿಸಿತಂತೆ. ನನ್ನ ಊರು ನನ್ನನ್ನು ಮೆಚ್ಚಿಕೊಂಡಿತ್ತು. ಅದು ನನ್ನ ಹಾಗೆಯೇ ದಡ್ಡ ಊರು. ಇಲ್ಲ ಇಲ್ಲ, ತಡೆಯಿರಿ, ನಾನು ಹೇಳಬೇಕೆಂದಿದ್ದು ಅದಲ್ಲ ಎಂದು ಕೂಗುವಷ್ಟರಲ್ಲಿ ಮೈಕು ನಿರೂಪಕಿಯ ಕೈ ಸೇರಿತ್ತು. ಬರೀ ಗಂಟಲಲ್ಲಿ ಕೂಗಿದೆ. ಚಪ್ಪಾಳೆಯಲ್ಲಿ ಅದು ಮುಳುಗಿಹೋಯಿತು.

ಎರಡು ಅಂಕದಲ್ಲಿ ಅನಿಷಾ ಹೊರಬಿದ್ದಳು. ಅವಳ ಬದಲು ಉಳಿದುಕೊಂಡದ್ದು ತುಮಕೂರಿನ ಹುಡುಗಿ.

ವೇದಿಕೆಯ ಹಿಂದೆ, ತಗಡಿನ ಗೋಡೆಯ ಬದಿಯಲ್ಲಿ ಅವಳು ಒಬ್ಬಳೇ ನಿಂತು ಕಿವಿಯ ಓಲೆ ಬಿಚ್ಚುತ್ತಿದ್ದಳು. ಓಲೆ ಚಾನೆಲ್ಲಿನವರದ್ದು, ವಾಪಸ್ಸು ಕೊಡಬೇಕು. ನಾನು ಓಡಿ ಹೋಗಿ ಅವಳ ಎರಡೂ ಕೈ ಹಿಡಿದೆ. ಏದುಸಿರು ಬರುತ್ತಿತ್ತು. ಈಗ ನಾಚಿಕೆಯೂ ಇರಲಿಲ್ಲ, ದೃಷ್ಟಿಯ ಹೆದರಿಕೆಯೂ ಇರಲಿಲ್ಲ.

“ಅನಿಷಾ, ನೀನೇ ಮೊದ್ಲ್. ಕೇಣ್ ಮಗಾ, ನೀನ್ ಹಾಡ್ದಾಂಗೆ ಯಾರೂ ಹಾಡ್ಲಿಲ್ಲೆ. ಆ ತೊಟ್ಲ್ ಹಾಡ್ ಕೇಂಡ್ ನಾನ್ ಅಂಗ್ಡಿಯಂಗ್ ಕೂಕಂಡ್ ಕಣ್ಣೀರ್ ಹಾಕಿ ಮರ್‍ಕಿದ್ದೆ. ಐದ್ ಅಂದೇಳಿ ಬರದ್ದ್ ಮರ್ಯಾದಿಗೆ. ಎಲ್ರೂ ಹಾಂಗೇ ಬರೀತ್ರ್ ಅಂದೇಳಿ ಮಾಡಿದ್ದೆ.”

ಅವಳು ನನ್ನ ಮುಖವನ್ನು ತುಂಬ ಪ್ರೀತಿಯಿಂದ ನೋಡಿದಳು. ಕಣ್ಣಲ್ಲಿ ನೀರಿತ್ತು, ಆದರೆ ದನಿ ಗಟ್ಟಿಯಾಗಿತ್ತು.

“ಮಾವ, ಸಮಾಧಾನಕ್ಕೆ ಹೀಂಗೆಲ್ಲ ಹೇಳೂದ್ ಬೇಡ. ಕಾಗ್ದದಂಗೆ ಬರದ್ರಿ, ಮತ್ತೆ ಅಷ್ಟ್ ಜನರ್ ಎದ್ರೂ ಅದನ್ನೇ ಹೇಳಿದ್ರಿ. ನೀವ್ ಸುಳ್ಳ್ ಹೇಳೂರಲ್ಲ. ಇಷ್ಟ್ ದಿನ ಒಂದ್ ಸಲವೂ ಹೊಗಳ್‌ದಿದ್ದರ್, ಈಗ ನಾನ್ ಸೋತ ಮೇಲೆ ಹೊಗಳ್ತಾ ಇದ್ರಿ. ಅದ್ ಎಂತಕ್ ಅಂದೇಳಿ ನಂಗ್ ಗೊತ್ತಾತ್ತಿಲ್ಲ್ಯಾ?”

“ದೇವ್ರಾಣೆ ಅನಿಷಾ.”

“ಆಯ್ತ್ ಮಾವ.”

“ನನ್ನ್ ಅಬ್ಬಿ ಆಣೆ.”

“ಆಯ್ತ್ ಮಾವ, ಆಯ್ತ್. ಮರ್‍ಕ್‌ಬೇಡಿ. ನಾನ್ ನಾಳೆಯಿಂದ ಕಾಲೇಜಿಗ್ ಹೋತೆ. ಹಾಡ್ ಇಲ್ದಿರೆ ಎಂತ ಆತ್ತ್?”

ನಾನು ಆಣೆ ಹಾಕಿದಷ್ಟೂ ಅವಳು ನನ್ನ ಬೆನ್ನು ಸವರುತ್ತ ನನ್ನನ್ನೇ ಸಮಾಧಾನ ಮಾಡುತ್ತಿದ್ದಳು.